ಅಲ್ಲಲ್ಲಿ ಪೆನ್ಸಿಲ್

ಬೆರಳಿಗೆ ಹತ್ತಿದ ರಬ್ಬರಿನ ವಾಸನೆ ತೊಳೆದರೆ ಹೋಗುವಂಥದ್ದಲ್ಲ ಎಂದು ಗೊತ್ತಿದ್ದೂ ಅವಳು ಆ ಬೆಳಗ್ಗೆ ಮೂರು ಸಲ ಕೈ ತೊಳೆದಳು. ಮೂರನೆಯ ಸಲ ತೊಳೆಯುವಾಗ ಒಲೆಯ ಮುಂದೆ ನಿಂತಿದ್ದ ಅಮ್ಮ ತಿರುಗಿ ನೋಡಿ, "ಸಾಕು ಬಿಡೇ, ಕೈಯಲ್ಲಿರೋ ಗೆರೇನೂ ಅಳಿಸಿ ಹೋಗತ್ತೆ," ಎಂದು ನಕ್ಕಳು. ತಮಾಷೆಗೆ ಅಂದದ್ದು. ಅಮ್ಮನಿಗೇನು ಗೊತ್ತು? ಆದರೂ ಆ ಮಾತು ಅವಳ ಬೆನ್ನಿಗೇ ಹೊರಟು, ಬಸ್ಸಿನಲ್ಲಿ ಪಕ್ಕದಲ್ಲೇ ಕೂತು, ಗ್ರಂಥಾಲಯದ ಹಿಂಬಾಗಿಲಿನವರೆಗೂ ಬಂತು. ಒಳಗೆ ಕಾಲಿಟ್ಟವಳು ಎಂದಿನಂತೆ ಮೊದಲು ಕರಿಹಲಗೆಯ ಕಡೆ ನೋಡಿದಳು. ಆ ದಿನ ಕಪಾಟಿನಿಂದ ಇಳಿಸಬೇಕಾದ ಪೆಟ್ಟಿಗೆಗಳ ಸಂಖ್ಯೆಯನ್ನು ಗ್ರಂಥಾಲಯ ನಡೆಸುವ ಮೇಡಂ ಹಿಂದಿನ ಸಂಜೆಯೇ ಅದರ ಮೇಲೆ ಬರೆದು ಹೋಗುತ್ತಾರೆ. ಹದಿನೇಳು. ಇಪ್ಪತ್ತೆರಡು. ನಲವತ್ತೊಂದು. ನಲವತ್ತೊಂದರ ಪಕ್ಕದಲ್ಲಿ, ಮೇಡಂನ ದುಂಡು ಅಕ್ಷರದಲ್ಲಿ, 'ಅಳತೆ ಪುಸ್ತಕ, ಹನ್ನೊಂದು ಗಂಟೆಗೆ' ಎಂದು, ಹಿಂದಿನ ಸಂಜೆ ಹೊರಡುವಾಗ ಅವಳು ಕಂಡ ಹಾಗೆಯೇ, ಬೇರೆ ಬರೆದಿತ್ತು. ಅವಳು ಸಂಖ್ಯೆಯ ಮೇಲಷ್ಟೇ ಕಣ್ಣಿಟ್ಟು, ಅಕ್ಷರಗಳ ಮೇಲೆ ಹಾಯದಂತೆ ದೃಷ್ಟಿಯನ್ನು ಎಳೆದುಕೊಂಡಳು. ಸುತ್ತ ಯಾರೂ ಇರಲಿಲ್ಲ. ಯಾರೂ ಇಲ್ಲದಾಗಲೂ ಓದು ಬಾರದವಳ ಹಾಗೆ ನೋಡುವುದು ಅವಳಿಗೆ ಈ ನಾಲ್ಕು ವರ್ಷಗಳಲ್ಲಿ ರೂಢಿಯಾಗಿಬಿಟ್ಟಿತ್ತು.

ಅದೊಂದು ಹಳೆಯ ಎರಡಂತಸ್ತಿನ ಮನೆ. ಯಾರೋ ಟೀಚರಮ್ಮ ತಾನು ಸತ್ತ ಮೇಲೆ ಹೆಂಗಸರ ಕಾಗದಪತ್ರ ಇಡುವುದಕ್ಕೆ ಎಂದು ಬರೆದುಕೊಟ್ಟದ್ದು. ಮೇಲೆ ಕಪಾಟುಗಳು, ಕೆಳಗೆ ಓದುವ ಕೋಣೆ, ಹಿಂದೆ ಮೊದಲು ಅಡಿಗೆಮನೆಯಾಗಿದ್ದ ಕಡೆ ರಿಪೇರಿ ಕೋಣೆ. ಕಪಾಟುಗಳ ತುಂಬ ಸೂಲಗಿತ್ತಿಯರ ಟಿಪ್ಪಣಿ, ನರ್ಸುಗಳ ಪತ್ರ, ಬೀಡಿ ಕಟ್ಟುವವರ ಸಂಘದ ಸಭೆಯ ವರದಿ, ಗಂಡನ ಹೆಸರಿನಲ್ಲಿ ಅಚ್ಚಾದ ಪುಸ್ತಕಗಳ ಹೆಂಡತಿಯ ಕೈಬರಹದ ಪ್ರತಿ. ಬಂದವರಿಗೆಲ್ಲ ಮೇಡಂ ಒಂದೇ ಮಾತು ಹೇಳುತ್ತಿದ್ದರು: "ಯುದ್ಧ ಮಾಡಿದವರದ್ದು ಎಲ್ಲಾ ಕಡೆ ಸಿಗತ್ತೆ. ಆ ಯುದ್ಧದ ದಿನ ಮನೇಲಿ ಏನ್ ಅಡಿಗೆ ಆಗಿತ್ತು ಅನ್ನೋದು ಇಲ್ಲಿ ಮಾತ್ರ ಸಿಗೋದು." ಬಂದವರು ನಗುತ್ತಿದ್ದರು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದ ಅವಳೂ ನಗುವವರ ಮುಖ ನೋಡಿ ಸ್ವಲ್ಪ ತಡವಾಗಿ ನಗುತ್ತಿದ್ದಳು. ಓದುವ ಕೋಣೆಯೊಳಗೆ ಪೆನ್ನು ತರುವ ಹಾಗಿಲ್ಲ. ಶಾಯಿ ಚೆಲ್ಲಿದರೆ ಹೋಗುವುದಿಲ್ಲ. ಬಂದವರ ಪೆನ್ನು ಇಸಿದುಕೊಂಡು ಪೆನ್ಸಿಲ್ ಕೊಡುವುದು, ಹೋಗುವಾಗ ಪೆನ್ಸಿಲ್ ಇಸಿದುಕೊಂಡು ಪೆನ್ನು ಕೊಡುವುದು ಅವಳ ಕೆಲಸ. ಆಮೇಲೆ ಅದೇ ಪೆನ್ಸಿಲ್ಲಿನಿಂದ ಅವರು ಪುಸ್ತಕದ ಅಂಚಿನಲ್ಲಿ ಗೀಚಿದ ಅಡ್ಡಗೆರೆ, ಪ್ರಶ್ನಾರ್ಥಕ, 'ಮುಖ್ಯ' 'ಸುಳ್ಳು' ಮೊದಲಾದವನ್ನೆಲ್ಲ ರಬ್ಬರಿನಿಂದ ಅಳಿಸುವುದೂ ಅವಳದೇ ಕೆಲಸ. ಅಚ್ಚಾದ ಪುಸ್ತಕದಲ್ಲಿ ಪೆನ್ಸಿಲ್ ಕಂಡರೆ ಅಳಿಸಬೇಕು. ಕೈಬರಹದ ಪುಸ್ತಕದಲ್ಲಿ ಪೆನ್ಸಿಲ್ ಕಂಡರೆ ಕೈ ಹಿಂದಕ್ಕೆ ತೆಗೆಯಬೇಕು, ಬೈಂಡರ್ ತಾತನಿಗೆ ತೋರಿಸಬೇಕು. ಎರಡೇ ನಿಯಮ. ಮಗುವಿಗೂ ಅರ್ಥವಾಗುವಂಥವು.

ಓದಲು ಬರುವುದಿಲ್ಲ ಎಂದು ಅವಳು ಯಾವತ್ತೂ ಹೇಳಿರಲಿಲ್ಲ. ಅದು ಹೇಗೋ ಆಗಿಹೋಗಿತ್ತು. ಅಮ್ಮ ಈ ಮನೆಯ ನೆಲ ಒರೆಸುತ್ತಿದ್ದ ಕಾಲ. ಅಮ್ಮನಿಗೆ ಜ್ವರ ಬಂದ ವಾರ ಅವಳು ಬಂದಿದ್ದಳು. ಕಸದ ಜೊತೆ ಗುಡಿಸಿಬಂದ ಕಾಗದದ ಚೂರುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಒಂದಕ್ಕೊಂದು ಕೂಡಿಸಿಟ್ಟು ಹೋದದ್ದನ್ನು ಮೇಡಂ ಮರುದಿನ ನೋಡಿ ಕರೆಸಿದರು. "ಇದನ್ನ ನೀನು ಜೋಡಿಸಿದ್ದಾ? ಓದಕ್ಕೆ ಬರತ್ತೇನಮ್ಮಾ?" ಬರುತ್ತದೆ ಎಂದರೆ ಎಷ್ಟನೇ ಕ್ಲಾಸು ಎಂದು ಕೇಳುತ್ತಾರೆ. ಏಳು ಎಂದರೆ ಯಾಕೆ ಬಿಟ್ಟೆ ಎನ್ನುತ್ತಾರೆ. ಆ ಮೂರನೆಯ ಪ್ರಶ್ನೆಗೆ ಹೆದರಿ ಅವಳು ಮೊದಲನೆಯದಕ್ಕೇ ಬಾಯಿ ಬಿಡದೆ ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು. ಮೇಡಂ ಹೆಗಲ ಮೇಲೆ ಕೈಯಿಟ್ಟು, "ಪರವಾಗಿಲ್ಲ. ಅಂಕಿ ಗೊತ್ತಿದ್ರೆ ಸಾಕು. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು," ಎಂದರು. ಒಳ್ಳೆಯದೇಕೆ ಎಂದು ಆಮೇಲೆ ತಿಳಿಯಿತು. ಮೊದಲು ರಿಪೇರಿಗಿದ್ದ ಹುಡುಗಿ ಕಾಲೇಜು ಓದಿದವಳು. ಅಂಟು ಹಚ್ಚುವುದನ್ನು ಬಿಟ್ಟು ಕಾಗದ ಓದುತ್ತ ಕೂರುತ್ತಿದ್ದಳಂತೆ. ಓದಿದ್ದು ಹೊಟ್ಟೆಯಲ್ಲಿ ನಿಲ್ಲದೆ, ಯಾರದೋ ಬಸಿರಿನ ಸಂಗತಿಯನ್ನು ಬಸ್ಸಿನಲ್ಲಿ ಗೆಳತಿಗೆ ಹೇಳುತ್ತಿದ್ದಾಗ ಮುಂದಿನ ಸೀಟಿನಲ್ಲಿ ಆ ಮನೆಯವರೇ ಕೂತಿದ್ದರಂತೆ. ಅಂದಿನಿಂದ, ಇಷ್ಟು ವರ್ಷ ಯಾರೂ ತೆಗೆಯಕೂಡದು ಎಂಬ ಷರತ್ತಿನ ಮೇಲೆ ಬಂದ ಕಟ್ಟುಗಳನ್ನು ಒಪ್ಪಿಸಿಕೊಳ್ಳುವಾಗ ಮೇಡಂ ಇವಳನ್ನು ತೋರಿಸುತ್ತಿದ್ದರು: "ಇವಳ ಕೈಲಿ ಕೊಟ್ಟರೆ ಗೋಡೆ ಕೈಲಿ ಕೊಟ್ಟ ಹಾಗೆ. ನಿಶ್ಚಿಂತೆಯಾಗಿರಿ." ಕೊಡಲು ಬಂದ ಹೆಂಗಸರು ಇವಳನ್ನು ನೋಡಿ ಸಮಾಧಾನದ ಉಸಿರು ಬಿಡುತ್ತಿದ್ದರು. ಗೋಡೆಗೆ ಮುಖ ಕೆಂಪಾಗುವುದಿಲ್ಲ, ಅವಳಿಗೆ ಆಗುತ್ತಿತ್ತು. ಅದನ್ನು ನಾಚಿಕೆ ಎಂದುಕೊಂಡು ಅವರು ಇನ್ನಷ್ಟು ಮೆಚ್ಚುತ್ತಿದ್ದರು.

"ಏನಮ್ಮಾ ಸೂಜಿ, ಬೆಳಬೆಳಗ್ಗೆ ಮುಖ ಯಾಕೆ ಹಿಂಡಿದ ಬಟ್ಟೆ ಹಾಗಿದೆ?" ಎಂದ ಬೈಂಡರ್ ತಾತ. ಸೂಜಿ ಎಂಬ ಹೆಸರು ಅವನೇ ಇಟ್ಟದ್ದು; ಪುಸ್ತಕ ಹೊಲಿಯುವಾಗ ಅವಳು ಯಾರು ಸೂಜಿ ಯಾರು ಎಂದು ಗೊತ್ತಾಗುವುದಿಲ್ಲವಂತೆ, ಅಷ್ಟು ಸಣ್ಣಕ್ಕಿದ್ದಾಳಂತೆ. ಅವನು ಒಂದು ತಟ್ಟೆಯಲ್ಲಿ ಹಿಟ್ಟಿನ ಅಂಟನ್ನು ಕಲಸುತ್ತಿದ್ದ.

"ಏನಿಲ್ಲ ತಾತ. ತಲೆನೋವು."

"ತಲೆ ಇದ್ದೋರಿಗೆ ನೋವು. ನನಗೆ ನೋಡು, ಮೂವತ್ತೊಂದು ವರ್ಷದಿಂದ ಬರೀ ಕೈ. ನೋವೇ ಇಲ್ಲ." ಅವನು ಅಂಟನ್ನು ಬೆರಳುಗಳ ನಡುವೆ ಎಳೆದು ನೋಡಿ, "ಇವತ್ತು ಆ ದರ್ಜಿಯಮ್ಮನ ಪುಸ್ತಕ ನೋಡಕ್ಕೆ ಯಾರೋ ದೂರದಿಂದ ಬರ್ತಾರಂತೆ. ನೀನು ಹೊಲಿದಿದ್ದಲ್ವಾ ಅದು? ಚೆನ್ನಾಗಿ ಬಂದಿತ್ತು. ರಟ್ಟಿನ ಒಳಹಾಳೆ ಅಂಟಿಸಿದ್ದೂ ಸೊಟ್ಟ ಆಗಿರಲಿಲ್ಲ," ಎಂದ.

ಅವಳು ಪೆನ್ಸಿಲ್ಲುಗಳ ಡಬ್ಬಿ ತೆಗೆದುಕೊಂಡು ಅವನಿಗೆ ಬೆನ್ನು ಹಾಕಿ ಕೂತಳು. ಮೂರು ತಿಂಗಳ ಹಿಂದೆ ಇದೇ ಮೇಜಿನ ಮೇಲೆ ಆ ಪುಸ್ತಕವನ್ನು ಬಿಚ್ಚಿದ್ದಳು. ಉದ್ದನೆಯ, ಕಿರಿದಾದ, ಬೆನ್ನು ಕಳಚಿದ ಪುಸ್ತಕ. ಒಳಗೆಲ್ಲ ನೀಲಿ ಶಾಯಿಯಲ್ಲಿ ಮೈಗಳ ಅಳತೆ. ಮೂಲೆ ಮನೆಯವರು: ಎದೆ ಮೂವತ್ತಾರು, ಸೊಂಟ ಮೂವತ್ತೆರಡು. ದಪ್ಪ ಅಕ್ಕ: ಕೇಳಿದಷ್ಟಕ್ಕಿಂತ ಒಂದಿಂಚು ಹೆಚ್ಚು ಬಿಡುವುದು, ಹೇಳುವುದು ಬೇಡ. ನಡುನಡುವೆ, ವರ್ಷಕ್ಕೆರಡು ಸಲ, 'ಮಗಳು'. ಮಗಳು: ಎದೆ ಇಪ್ಪತ್ತೆರಡು. ಮಗಳು: ಎದೆ ಇಪ್ಪತ್ನಾಲ್ಕು. ಹೆಸರಿಲ್ಲ. ಬರೆದವಳಿಗೂ ಹೆಸರಿಲ್ಲ, ಪುಸ್ತಕದ ವಿವರ ಬರೆದಿಡುವ ಕಾರ್ಡಿನಲ್ಲಿ ಮೇಡಂ 'ದರ್ಜಿ ಹೆಂಗಸು, ಹೆಸರು ತಿಳಿಯದು' ಎಂದು ಬರೆದಿದ್ದರು. ಮಗಳ ಎದೆ ಇಪ್ಪತ್ತಾರಕ್ಕೆ ಬಂದ ಪುಟದಲ್ಲಿ, ಸಾಲುಗಳ ನಡುವಿನ ಖಾಲಿ ಜಾಗದಲ್ಲಿ, ಮೊದಲ ಸಲ ಪೆನ್ಸಿಲ್ ಕಂಡಿತು. ಎಷ್ಟು ತೆಳುವಾಗಿತ್ತೆಂದರೆ ಕೊಳೆ ಎಂದೇ ಅಂದುಕೊಳ್ಳಬಹುದಿತ್ತು. ಕಾಗದವನ್ನು ಓರೆ ಮಾಡಿದಾಗ ಮಾತ್ರ ಅಕ್ಷರ ಮೇಲೆದ್ದಿತು. 'ಇವತ್ತು ಶಾಲೆ ಬಿಡಿಸಿದೆ. ಗುಂಡಿ ಹೊಲಿಯಲು ಇನ್ನೊಂದು ಕೈ ಬೇಕಿತ್ತು. ಅತ್ತಳು. ಹೊಡೆದೆ.'

ಇವಳು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಮಣಿಕಟ್ಟು ಮುರಿಯಿತು, ಯಾರದೋ ಮನೆಯ ಮೆಟ್ಟಿಲು ಒರೆಸುವಾಗ. ಕೆಲಸದ ಮನೆಗಳು ಕೈ ತಪ್ಪಿ ಹೋಗಬಾರದು, ಹತ್ತು ದಿನದ ಮಟ್ಟಿಗೆ ನೀನು ಹೋಗಿ ಬಾ ಎಂದಿದ್ದಳು ಅಮ್ಮ. ಹತ್ತೇ ದಿನ. ಅವಳು ಶಾಲೆಯ ಚೀಲವನ್ನು ಗೂಟದಿಂದ ಇಳಿಸದೆ ಹಾಗೇ ಬಿಟ್ಟು ಹೋಗಿದ್ದಳು, ಹನ್ನೊಂದನೆಯ ದಿನ ನೇರವಾಗಿ ಹೆಗಲಿಗೆ ಹಾಕಿಕೊಳ್ಳಲು. ಮೂಳೆ ಕೂಡಿಕೊಂಡಿತು, ಹತ್ತು ದಿನ ಮಾತ್ರ ಮುಗಿಯಲಿಲ್ಲ. ಚೀಲದೊಳಗೆ ಈರುಳ್ಳಿ ತುಂಬಿಟ್ಟದ್ದು ಯಾವಾಗ ಎಂದು ನೆನಪಿಲ್ಲ. ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಈಗ ನೆರೆಹೊರೆಯವರ ಮುಂದೆ, "ನಮ್ಮ ಹುಡುಗಿ ಲೈಬ್ರರೀಲಿ ಇದಾಳೆ. ಓದಿದ್ರೂ ಪುಸ್ತಕದ ಮಧ್ಯೆ ತಾನೇ ಕೂರಬೇಕಿತ್ತು? ಓದದೇನೇ ಕೂತ್ಲು ನೋಡಿ," ಎಂದು ಜಂಬ ಪಡುತ್ತಾಳೆ. ಎಲ್ಲರೂ ನಗುತ್ತಾರೆ. ಅಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಸುಲಭವಾಗಿತ್ತು.

ಆ ಮಧ್ಯಾಹ್ನ ತಾತ ಊಟಕ್ಕೆ ಹೋಗಿದ್ದ. ಅವಳು ಪುಟವನ್ನು ಓರೆ ಹಿಡಿದು ಇನ್ನೊಂದು ಸಲ ಓದಿದಳು. ಆಮೇಲೆ ಕಿಟಕಿಯ ಕಡೆ, ಬಾಗಿಲ ಕಡೆ ನೋಡಿ, ರಬ್ಬರ್ ತೆಗೆದುಕೊಂಡು ಮೆಲ್ಲಗೆ, ಮೇಲಿನಿಂದ ಕೆಳಕ್ಕೆ ಅಳಿಸಿದಳು. ಪಾಪ ಅನ್ನಿಸಿತ್ತು. ಹೌದು, ಪಾಪ ಅನ್ನಿಸಿಯೇ ಅಳಿಸಿದ್ದು. ಅಳತೆಯ ಪುಸ್ತಕದ ಮೂಲೆಯಲ್ಲಿ, ಯಾರಿಗೂ ಕಾಣದ ಹಾಗೆ ತನ್ನ ಕೈಯ ಏಟನ್ನು ಬಚ್ಚಿಟ್ಟವಳನ್ನು, ಕನ್ನಡಕ ಹಾಕಿಕೊಂಡು ಬಂದವರು ನಾಳೆ ಜೋರಾಗಿ ಓದುತ್ತಾರೆ, ಪ್ರಬಂಧ ಬರೆಯುತ್ತಾರೆ. ಬೇಡ. ಮನೆ ಒರೆಸುವಾಗ ಮಂಚದ ಕೆಳಗೆ ಸಿಕ್ಕಿದ್ದನ್ನು ಮನೆಯವರಿಗೆ ತಿಳಿಯದ ಹಾಗೆ ತೆಗೆದು ಎಸೆಯುವುದಿಲ್ಲವೆ, ಹಾಗೆ. ಈ ಮಾತನ್ನು ಅವಳು ಮೂರು ತಿಂಗಳಿನಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದಳು. ಮುಂದಿನ ಪುಟ: 'ಅಳತೆ ತೆಗೆಯುವಾಗ ಉಸಿರು ಕಟ್ಟಿ ನಿಂತಳು. ಬಿಡು ಎಂದೆ. ಬಿಡಲಿಲ್ಲ. ಅಂಗಿ ಸಡಿಲವಾಯಿತು. ಅದನ್ನೇ ಹಾಕಿಕೊಂಡು ತಿರುಗಿದಳು.' ಓದಿ, ಅಳಿಸಿದಳು. ಅದರ ಮುಂದೆ: 'ಅವಳ ಪಾಠದ ಪುಸ್ತಕ ಕತ್ತರಿಸಿ ತೋಳಿನ ಮಾದರಿ ಮಾಡಿದೆ. ಕಾಗದ ಗಟ್ಟಿಯಿತ್ತು. ನೋಡಿದಳು, ಏನೂ ಅನ್ನಲಿಲ್ಲ.' ಓದಿ, ಅಳಿಸಿದಳು. ಒಂದು ಪುಟ ಓದುವುದು, ಅದು ಬಾಯಿಪಾಠವಾಗುವವರೆಗೆ ನೋಡುವುದು, ಅಳಿಸುವುದು. ಹೀಗೆ ನಾಲ್ಕು ಮಧ್ಯಾಹ್ನ. ನಾಲ್ಕನೆಯ ದಿನ ಒಂದು ಪುಟದಲ್ಲಿ ಎರಡೇ ಮಾತು ಇತ್ತು: 'ಬೇರೆ ದಾರಿ ಇತ್ತು. ಹುಡುಕಲಿಲ್ಲ.' ಅದನ್ನು ಅಳಿಸುವಾಗ ಅವಳ ಕೈ ಎಷ್ಟು ಬಿರುಸಾಗಿ ಓಡಿತೆಂದರೆ ಕಾಗದದ ಮೈ ಬಿಸಿಯಾಗಿ ನವಿರೆದ್ದಿತು. ಅದನ್ನು ಪಾಪ ಎಂದು ಅಳಿಸಿದ್ದಲ್ಲ. ಅದೇನೆಂದು ಅವಳಿಗೆ ಅವತ್ತೇ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ರಬ್ಬರಿನ ಪುಡಿ ಊದಿ ಎದ್ದುಹೋಗಿದ್ದಳು. ಹೊಟ್ಟೆಕಿಚ್ಚು. ಯಾರೋ ಹೆಸರಿಲ್ಲದವಳ ಮಗಳಿಗೆ ತಾಯಿಯಿಂದ ಅಷ್ಟಾದರೂ ಸಿಕ್ಕಿತ್ತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಸಂಶೋಧಕಿ ಬಂದಳು. ಅವಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು; ಹೆಗಲಿಗೆ ಭಾರದ ಚೀಲ, ಪ್ರಯಾಣದಲ್ಲಿ ನಿದ್ದೆಗೆಟ್ಟ ಕಣ್ಣು. "ನಮಸ್ಕಾರ. ಪೆನ್ನು ನಿಮ್ಮ ಹತ್ರ ಕೊಡಬೇಕಾ?" ಎಂದು ಅವಳೇ ಕೇಳಿದಳು. ನೀವು, ನಿಮ್ಮ. ಇಲ್ಲಿ ಯಾರೂ ಅವಳಿಗೆ ಬಹುವಚನ ಹಚ್ಚುವುದಿಲ್ಲ. ಅವಳು ಹೊಸದಾಗಿ ಚೂಪು ಮಾಡಿದ ಪೆನ್ಸಿಲ್ ಕೊಡುವಾಗ ಅದರ ತುದಿ ಸಂಶೋಧಕಿಯ ಅಂಗೈಗೆ ಚುಚ್ಚಿತು. "ಅಯ್ಯೋ, ಇಷ್ಟು ಚೂಪಾ! ಇದರಲ್ಲಿ ಬರೆಯೋಕಿಂತ ಯಾರನ್ನಾದ್ರೂ ಕೊಲ್ಲಬಹುದು," ಎಂದು ಸಂಶೋಧಕಿ ನಕ್ಕಳು. ಇವಳು ಪೆಟ್ಟಿಗೆ ತರಲು ಮೇಲೆ ಹೋದಳು. ನಲವತ್ತೊಂದನೆಯ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವಾಗ ಒಂದು ಗಳಿಗೆ, ಬೀಳಿಸಿಬಿಟ್ಟರೆ, ಅನ್ನಿಸಿತು. ಬೀಳಿಸಿದರೂ ಪುಸ್ತಕ ಒಡೆಯುವುದಿಲ್ಲ.

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅವಳು ಹೋಗಬೇಕಿತ್ತು. ಹೋಗದೆ, ಹತ್ತಿರದ ಕಪಾಟಿನ ಧೂಳು ಒರೆಸುವ ನೆಪದಲ್ಲಿ ನಿಂತಳು. ಸಂಶೋಧಕಿ ಚೀಲದಿಂದ ಒಂದು ಜೆರಾಕ್ಸ್ ಹಾಳೆ ತೆಗೆದು ಪಕ್ಕದಲ್ಲಿಟ್ಟುಕೊಂಡಳು. ಪುಟ ತಿರುವಿದಳು. ನಿಧಾನವಾಗಿ, ಬೆರಳ ತುದಿಯಿಂದ, ಕಲಿತವರು ತಿರುವುವ ಹಾಗೆ. ಒಂದೊಂದು ಪುಟ ತಿರುಗಿದಾಗಲೂ ಕಪಾಟಿನ ಬಳಿ ನಿಂತವಳ ಬಾಯೊಳಗೆ ಆ ಪುಟದ ಮಾತು ತಾನೇ ಓಡುತ್ತಿತ್ತು. ಇಲ್ಲಿ 'ಅತ್ತಳು'. ಇಲ್ಲಿ 'ಬಿಡು ಎಂದೆ'. ಇಲ್ಲಿ ತೋಳಿನ ಮಾದರಿ. ಸಂಶೋಧಕಿಯ ಕೈ ನಿಂತಿತು. ಹಿಂದಕ್ಕೆ ಹೋಯಿತು. ಜೆರಾಕ್ಸ್ ಹಾಳೆಯನ್ನು ಪುಟದ ಪಕ್ಕಕ್ಕೆ ಹಿಡಿದು ನೋಡಿದಳು. ಪುಸ್ತಕವನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆ ಮಾಡಿದಳು, ಮೂರು ತಿಂಗಳ ಹಿಂದೆ ಇವಳು ಮಾಡಿದ್ದ ಹಾಗೆಯೇ.

"ಒಂದ್ನಿಮಿಷ. ನಿಮ್ಮ ಮೇಡಂನ ಸ್ವಲ್ಪ ಕರೀತೀರಾ?"

ಮೇಡಂ ಕೊರಳಿಗೆ ಕನ್ನಡಕ ತೂಗಿಸಿಕೊಂಡು ಬಂದರು. ಸಂಶೋಧಕಿ ದನಿ ಏರಿಸಲಿಲ್ಲ, ಏರಿಸಿದ್ದರೆ ವಾಸಿಯಿತ್ತು. "ಇದನ್ನ ಕೊಟ್ಟ ಮನೆಯವರು, ಬರೆದೋರು ಯಾರು ಅಂತ ಅವರಿಗೂ ಗೊತ್ತಿಲ್ಲ, ಕೊಡೋಕೆ ಮುಂಚೆ ಒಂದು ಪುಟ ಜೆರಾಕ್ಸ್ ಮಾಡಿಟ್ಟುಕೊಂಡಿದ್ರು. ನೋಡಿ, ಇಲ್ಲಿ ಪೆನ್ಸಿಲ್ಲಲ್ಲಿ ಏನೋ ಇದೆ. ಜೆರಾಕ್ಸಲ್ಲಿ ಒಂದೇ ಪದ ಬಿದ್ದಿದೆ, 'ಶಾಲೆ' ಅಂತ. ಆ ಒಂದು ಪದಕ್ಕೋಸ್ಕರ ನಾನು ಬಂದೆ. ನಿಮ್ಮ ಕಾರ್ಡಲ್ಲೂ ಇದೆ ಮೇಡಂ. 'ಶಾಯಿ. ಅಲ್ಲಲ್ಲಿ ಪೆನ್ಸಿಲ್.' ಈಗ ಪುಸ್ತಕದಲ್ಲಿ ಎಲ್ಲೂ ಇಲ್ಲ. ಕಾಗದ ಹೊಳೀತಾ ಇದೆ. ಯಾರೋ ಉಜ್ಜಿದಾರೆ."

ಮೇಡಂ ಕನ್ನಡಕ ಏರಿಸಿ ನೋಡಿದರು. ಒಂದು ಪುಟ, ಇನ್ನೊಂದು ಪುಟ. ಅವರ ಮುಖ ಸಣ್ಣದಾಯಿತು. ಕಾರ್ಡನ್ನು ಬರೆದದ್ದು ಅವರೇ. 'ಅಲ್ಲಲ್ಲಿ ಪೆನ್ಸಿಲ್' ಎಂದು ಬರೆದು, ಅಲ್ಲಲ್ಲಿ ಏನಿದೆ ಎಂದು ಓದದೆ, ಮುಂದಿನ ಕಟ್ಟಿಗೆ ಕೈ ಹಾಕಿದ್ದರು. ಅವರು ತಲೆಯೆತ್ತಿದಾಗ ಕಪಾಟಿನ ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತವಳು ಕಣ್ಣಿಗೆ ಬಿದ್ದಳು.

"ಬಾಮ್ಮ ಇಲ್ಲಿ."

ಅವಳು ಹೋಗಿ ನಿಂತಳು.

"ಇದನ್ನ ಶುಚಿ ಮಾಡಿದ್ದು ನೀನಲ್ವಾ?" ಅವಳು ತಲೆಯಾಡಿಸುವ ಮೊದಲೇ ಮೇಡಂ ಸಂಶೋಧಕಿಯ ಕಡೆ ತಿರುಗಿದ್ದರು. "ಇವಳಿಗೆ ಗೊತ್ತಾಗಿಲ್ಲ. ಓದುಗರು ಅಚ್ಚಿನ ಪುಸ್ತಕದಲ್ಲಿ ಗೀಚಿದ್ದನ್ನ ಅಳಿಸೋದು ಇವಳ ಕೆಲಸ. ಇದೂ ಅದೇ ಅಂದ್ಕೊಂಡಿದಾಳೆ. ಪಾಪ, ಅದಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ತಿಳೀಬೇಕು? ಅಕ್ಷರ ಬರಲ್ಲ ಇವಳಿಗೆ."

"ಅಕ್ಷರ ಬರಲ್ವಾ?" ಸಂಶೋಧಕಿ ಅವಳನ್ನು ನೋಡಿದಳು. ಮತ್ತೆ ಸುತ್ತಲಿನ ಕಪಾಟುಗಳನ್ನು ನೋಡಿದಳು, ಮತ್ತೆ ಅವಳನ್ನು. ಆ ನೋಟದಲ್ಲಿ ಸಿಟ್ಟು ಇಳಿದುಹೋಗಿ ಇನ್ನೇನೋ ಬಂದಿತ್ತು, ಕರುಣೆಯಂಥದ್ದು. "ಛೆ. ಇಲ್ಲ ಇಲ್ಲ, ಹಾಗಾದ್ರೆ ಇವರದ್ದೇನು ತಪ್ಪು?"

ಇಷ್ಟೇ. ಮುಗಿದುಹೋಯಿತು. ಮೂರು ತಿಂಗಳು ಹೆದರಿಕೊಂಡು ತಿರುಗಿದ್ದು ಇಷ್ಟಕ್ಕೇ. ಅವಳು ಬಾಯಿ ಮುಚ್ಚಿಕೊಂಡು ನಿಂತರೆ ಸಾಕು; ಬಾಯಿ ಮುಚ್ಚಿಕೊಂಡು ನಿಲ್ಲುವುದು ಅವಳಷ್ಟು ಚೆನ್ನಾಗಿ ಬಲ್ಲವರು ಯಾರು? ಗೋಡೆಗೆ ಶಿಕ್ಷೆಯಿಲ್ಲ. ಮೇಡಂ ಎರಡು ಮಾತು ಬುದ್ಧಿ ಹೇಳುತ್ತಾರೆ, ಸಂಜೆಯ ಹೊತ್ತಿಗೆ ಟೀ ಕೊಡಿಸುತ್ತಾರೆ, ನಾಳೆ ಕರಿಹಲಗೆಯ ಮೇಲೆ ಬೇರೆ ಸಂಖ್ಯೆಗಳು ಇರುತ್ತವೆ. ಅವಳ ಎದೆ ಹಗುರವಾಗಬೇಕಿತ್ತು. ಬದಲಿಗೆ ಏಳನೇ ಕ್ಲಾಸಿನ ಚೀಲದಿಂದ ಎದ್ದ ಈರುಳ್ಳಿಯ ವಾಸನೆ ಮೂಗಿಗೆ ಬಂತು.

"ಆದರೆ ಕೈಬರಹದ್ದಾದ್ರೆ ಮೊದಲು ತಾತನಿಗೆ ತೋರಿಸಬೇಕು ಅಂತ ನಿಯಮ ಮಾಡಿದ್ದೆ ನಾನು," ಎಂದರು ಮೇಡಂ. ಅವರ ದನಿ ಈಗ ಗಟ್ಟಿಯಾಗಿತ್ತು. ಯಾರ ಮೇಲಾದರೂ ಇಳಿಸದೆ ಅದು ನಿಲ್ಲುವಂತಿರಲಿಲ್ಲ. "ತಾತನ್ನ ಕರಿ."

ತಾತ ಅಂಟಿನ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಬಂದ. ಮೇಜಿನ ಮೇಲೆ ಬಿಚ್ಚಿಟ್ಟ ಪುಸ್ತಕ, ನಿಂತವರ ಮುಖ, ಕೊನೆಗೆ ಅವಳ ಮುಖ ನೋಡಿದ. ಎಲ್ಲ ತಿಳಿಯಲು ಅವನಿಗೆ ಅಷ್ಟೇ ಸಾಕಾಯಿತು.

"ಇದನ್ನ ಅಳಿಸೋಕೆ ಮುಂಚೆ ಇವಳು ನಿಮಗೆ ತೋರಿಸಿದ್ಲಾ?"

"ತೋರಿಸಿದ್ಲು ಮೇಡಂ." ಅವನು ಕೆಮ್ಮಿದ. "ನಾನೇ ಸರಿಯಾಗಿ ನೋಡಲಿಲ್ಲ. ಕನ್ನಡಕ ಹಾಕ್ಕೊಂಡಿರಲಿಲ್ಲ. ಕೊಳೆ ಅಂದ್ಕೊಂಡು, ತೆಗಿಯಮ್ಮ ಅಂದೆ."

"ಮೂವತ್ತೊಂದು ವರ್ಷ ಆದಮೇಲೆ, ಕೊಳೆ ಯಾವುದು ಬರಹ ಯಾವುದು ಗೊತ್ತಾಗಲಿಲ್ವಾ ನಿಮಗೆ?"

"ವಯಸ್ಸಾಯ್ತು ಮೇಡಂ."

"ಆಯ್ತು ಹಾಗಾದ್ರೆ." ಮೇಡಂ ಪುಸ್ತಕ ಮುಚ್ಚಿದರು. "ನಾಳೆಯಿಂದ ಕೈಬರಹದ್ದು ಯಾವುದೂ ನಿಮ್ಮ ಮೇಜಿಗೆ ಬರೋದು ಬೇಡ. ಅಚ್ಚಿನ ಪುಸ್ತಕದ ರಟ್ಟು ಕಟ್ಟಿಕೊಂಡಿರಿ, ಸಾಕು."

ತಾತ ತಲೆಯಾಡಿಸಿದ. ಅವನ ಕೈ ತಾನಾಗಿ ಪುಸ್ತಕದ ಬೆನ್ನಿನ ಮೇಲೆ ಹೋಗಿ ಹೊಲಿಗೆಯ ಮೇಲೆ ಒಮ್ಮೆ ಆಡಿ ಹಿಂದಕ್ಕೆ ಬಂತು. ಅಂಥ ಪುಸ್ತಕಗಳನ್ನು ಮುಟ್ಟುವಾಗ ಮಾತ್ರ ಅವನು ಮಾತು ನಿಲ್ಲಿಸುತ್ತಿದ್ದ, ಬೇರೆ ಯಾವಾಗಲೂ ಇಲ್ಲ. ಈಗ ಅವನು ತಿರುಗಿ ಹೊರಟಾಗ ಅವಳ ಕಡೆ ನೋಡಲೂ ಇಲ್ಲ. ನೋಡಿದರೆ ಅವಳು ಎಲ್ಲಿ ಬಾಯಿ ಬಿಟ್ಟಾಳೋ ಎಂದು.

"ತೋರಿಸಿಲ್ಲ," ಎಂದಳು.

ಅದು ಯಾರಿಗೂ ಕೇಳಿಸಲಿಲ್ಲ. ಅವಳ ದನಿ ಯಾವಾಗಲೂ ಹಾಗೆಯೇ, ಹಲ್ಲಿನ ಹಿಂದೆಯೇ ನಿಂತುಬಿಡುತ್ತದೆ. ತಾತ ಬಾಗಿಲು ದಾಟುತ್ತಿದ್ದ.

"ತಾತಂಗೆ ತೋರಿಸಿಲ್ಲ ಮೇಡಂ. ಅವರು ಸುಳ್ಳು ಹೇಳ್ತಿದಾರೆ. ಅವರು ಊಟಕ್ಕೆ ಹೋಗೋದನ್ನ ಕಾಯ್ತಾ ಇದ್ದು ಅಳಿಸಿದೆ."

ಮೇಡಂ ಅವಳನ್ನೇ ನೋಡಿದರು. "ಕಾಯ್ತಾ ಇದ್ದು? ಯಾಕೆ? ಗೊತ್ತಾಗದೆ ಅಳಿಸೋಳು ಯಾಕೆ ಕಾಯ್ತಾಳೆ?"

ಮೂರನೆಯ ಪ್ರಶ್ನೆ, ಯಾಕೆ. ನಾಲ್ಕು ವರ್ಷ ಸುತ್ತಿ ಬಳಸಿ ಕೊನೆಗೂ ಎದುರಿಗೆ ಬಂದು ನಿಂತಿತು. ಕಾಲಿನ ಹೆಬ್ಬೆರಳು ನೋಡಿದಳು. ಅದು ಅಲ್ಲೇ ಇತ್ತು, ಏನೂ ಹೇಳಿಕೊಡಲಿಲ್ಲ.

"ಗೊತ್ತಿತ್ತು," ಎಂದಳು. "ಓದಿದೆ. ಓದಿಯೇ ಅಳಿಸಿದ್ದು."

"ನಿಂಗೆ ಓದಕ್ಕೆ..."

"ಬರತ್ತೆ ಮೇಡಂ. ಏಳನೇ ಕ್ಲಾಸವರೆಗೂ ಹೋಗಿದೀನಿ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಅವರ ಕಣ್ಣ ಮುಂದೆ ಏನು ಹಾಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು: ಇಪ್ಪತ್ತು ವರ್ಷ ತೆಗೆಯಕೂಡದೆಂದು ಬಂದ ಕಟ್ಟುಗಳು, ಆ ಹೆಂಗಸರು ಬಿಟ್ಟ ಸಮಾಧಾನದ ಉಸಿರುಗಳು, ಒಂದೊಂದಾಗಿ. "ಎಲ್ಲಾನೂ ಓದಿದೀಯಾ?" ಎಂದು ಕೇಳಿದರು, ಬಹಳ ಮೆಲ್ಲಗೆ. ಅವಳು ಹೂಂ ಎಂದಳು. "ಯಾರಿಗಾದ್ರೂ..." "ಇಲ್ಲ. ಯಾರಿಗೂ ಹೇಳಿಲ್ಲ. ಅಮ್ಮನ ಆಣೆ." ಅಮ್ಮನ ಆಣೆ ಎಂದದ್ದು ಶಾಲೆಯ ಹುಡುಗಿಯ ಮಾತಿನಂತಿತ್ತು, ಬೇರೆ ಯಾವ ಆಣೆಯೂ ಅವಳಿಗೆ ತೋಚಲಿಲ್ಲ. ಮೇಡಂ ಮುಖವನ್ನು ಎರಡು ಕೈಯಿಂದ ಒರೆಸಿಕೊಂಡರು. ಅವರು ಬೈದಿದ್ದರೆ, ಹೊರಗೆ ನಡಿ ಎಂದಿದ್ದರೆ ಚೆನ್ನಿತ್ತು. ಅದು ನಾಳೆಗೆ ಇರಬಹುದು. ಇವತ್ತು ಅವರು ಮೋಸಹೋದ ಮುದುಕಿಯ ಹಾಗೆ ಸುಮ್ಮನೆ ಕೂತಿದ್ದರು, ಅದನ್ನು ನೋಡುವುದೇ ಹೆಚ್ಚಾಯಿತು.

ಸಂಶೋಧಕಿ ಮಾತ್ರ ಪೆನ್ಸಿಲ್ ಕೈಗೆತ್ತಿಕೊಂಡಿದ್ದಳು. "ಏನಿತ್ತು?" ಎಂದಳು. "ಒಂದಿಷ್ಟಾದ್ರೂ ನೆನಪಿದೆಯಾ ನಿಮಗೆ?"

ನೆನಪಿದೆಯಾ ಎಂದರೆ! ಅವಳು ಹೇಳಿದಳು. ಪುಟದ ಸಂಖ್ಯೆ ಸಮೇತ, ಎಡಕ್ಕೋ ಬಲಕ್ಕೋ, ಯಾವ ಅಳತೆಯ ಕೆಳಗೆ ಎಂದು. ಗುಂಡಿ ಹೊಲಿಯಲು ಬೇಕಾದ ಕೈ, ಏಟು, ಕಟ್ಟಿದ ಉಸಿರು, ಸಡಿಲವಾದ ಅಂಗಿ, ಪಾಠದ ಪುಸ್ತಕದಿಂದ ಕತ್ತರಿಸಿದ ತೋಳು. ಸಂಶೋಧಕಿ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದಳು. ಕೊನೆಗೆ 'ಬೇರೆ ದಾರಿ ಇತ್ತು' ಎಂಬುದನ್ನೂ ಹೇಳಿದಳು. ಅದನ್ನು ಹೇಳಿದ ಮೇಲೆ, ಕೇಳದಿದ್ದರೂ, "ಇದನ್ನ ಮಾತ್ರ ಪಾಪ ಅಂತ ಅಳಿಸಿದ್ದಲ್ಲ," ಎಂದಳು. ಅದನ್ನೂ ಸಂಶೋಧಕಿ ಬರೆದುಕೊಂಡಳೋ ಏನೋ, ಪೆನ್ಸಿಲ್ ಒಂದು ಕ್ಷಣ ನಿಂತು ಮತ್ತೆ ಆಡಿತು.

"ನಿಮ್ಮ ಮಾತು ಬಿಟ್ರೆ ಇದಕ್ಕೆ ಸಾಕ್ಷಿ ಏನೂ ಇಲ್ಲ ಅಲ್ವಾ?" ಎಂದಳು ಕೊನೆಗೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವಳ ಕಸುಬಿನ ಪ್ರಶ್ನೆ ಅದು.

ಇವಳು ನೇರವಾಗಿ ರಿಪೇರಿ ಕೋಣೆಗೆ ಹೋದಳು. ತಾತ ಕತ್ತಲೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. "ಹುಚ್ಚು ಹುಡುಗಿ," ಎಂದ, "ನನಗಿನ್ನೆಷ್ಟು ದಿನ ಇತ್ತು ಇಲ್ಲಿ? ನಿನಗೆ ಮುಂದಿತ್ತು." ಅವಳು ಬಟ್ಟಲಲ್ಲಿ ನೀರು, ಹತ್ತಿ, ಅಂಟಿದ ಹಾಳೆ ಬಿಡಿಸುವ ಮೂಳೆಯ ಚಪ್ಪಟೆ ಕಡ್ಡಿ ತೆಗೆದುಕೊಂಡಳು. ಅವನು ಅದನ್ನು ನೋಡಿ ಎದ್ದು ಹಿಂದೆಯೇ ಬಂದ. ನಾವು ಅಂಟಿಸಿದ್ದು ಇನ್ನೂರು ವರ್ಷ ಬಿಟ್ಟು ಯಾರಾದರೂ ಬಿಚ್ಚಬೇಕೆಂದರೆ ಬಿಚ್ಚಲು ಬರಬೇಕು, ಅದಕ್ಕೇ ಹಿಟ್ಟಿನ ಅಂಟು ಎಂದು ಮೊದಲ ದಿನವೇ ಹೇಳಿಕೊಟ್ಟವನು ಅವನು.

ಪುಸ್ತಕದ ಹಿಂದಿನ ರಟ್ಟನ್ನು ತೆರೆದಿಟ್ಟಳು. ಒಳಗೆ ಅವಳು ಅಂಟಿಸಿದ್ದ ಬಿಳಿ ಹಾಳೆ, ಸೊಟ್ಟವಿಲ್ಲದೆ, ಸುಕ್ಕಿಲ್ಲದೆ. ನಾಲ್ಕನೆಯ ಮಧ್ಯಾಹ್ನ ರಬ್ಬರ್ ಹಿಡಿದು ಆ ರಟ್ಟಿನವರೆಗೂ ಬಂದಿದ್ದಳು. ಅಲ್ಲಿ ಓದಿದ್ದನ್ನು ಅಳಿಸಲು ಕೈ ಬರಲಿಲ್ಲ. ಹಾಗೆಂದು ಬಿಡಲೂ ಧೈರ್ಯವಾಗಲಿಲ್ಲ. ಮೇಲೆ ಹಾಳೆ ಅಂಟಿಸಿ ಮುಚ್ಚಿಬಿಟ್ಟಿದ್ದಳು. ಈಗ ಹತ್ತಿಯನ್ನು ಅದ್ದಿ ಹಿಂಡಿ ಅಂಚಿನುದ್ದಕ್ಕೂ ಒತ್ತಿದಳು. ನೀರು ಹಾಳೆಯೊಳಕ್ಕೆ ನಿಧಾನವಾಗಿ ಬೂದು ಬಣ್ಣವಾಗಿ ಹರಡಿತು. ಮೇಡಂ ಕುರ್ಚಿಯಿಂದ ಎದ್ದು ಹತ್ತಿರ ಬಂದದ್ದು ಅವರ ಕನ್ನಡಕದ ಸರಪಳಿಯ ಸದ್ದಿನಿಂದ ತಿಳಿಯಿತು. ಅವಸರ ಮಾಡಬೇಡ ಎಂದು ತಾತ ಹೇಳಬೇಕಾಗಿರಲಿಲ್ಲ. ಕಡ್ಡಿಯ ತುದಿ ಮೂಲೆಯ ಕೆಳಗೆ ತೂರಿತು. ಹಾಳೆ ಮೇಲೆದ್ದಿತು, ಅಂಟು ಎಳೆಎಳೆಯಾಗಿ ಹಿಡಿದು ಬಿಟ್ಟಿತು. ಪೆನ್ಸಿಲ್ಲಿಗೆ ನೀರಿನ ಭಯವಿಲ್ಲ. ಒದ್ದೆ ರಟ್ಟಿನ ಮೇಲೆ ಒಂದೇ ಒಂದು ಸಾಲು, ಉಳಿದವಕ್ಕಿಂತ ಒತ್ತಿ ಬರೆದದ್ದು, ಕಪ್ಪಗೆ ಮೇಲೆ ಬಂತು.

ಸಂಶೋಧಕಿ ಬಗ್ಗಿದಳು. ತಾತನೂ ಬಗ್ಗಿದ, ಕನ್ನಡಕವಿಲ್ಲದೆ. ಆದರೆ ಮೇಡಂ ಇಬ್ಬರನ್ನೂ ಕೈಯಿಂದ ತಡೆದು, ಅವಳನ್ನು ನೋಡುತ್ತ, "ನೀನೇ ಓದು," ಎಂದರು. ಶಿಕ್ಷೆಯೋ ಅಲ್ಲವೋ ಅವರ ದನಿಯಿಂದ ಗೊತ್ತಾಗಲಿಲ್ಲ.

ಅವಳು ನೆಟ್ಟಗೆ ನಿಂತಳು. ಜನರ ಮುಂದೆ ಗಟ್ಟಿಯಾಗಿ ಓದಿ ಎಷ್ಟೋ ವರ್ಷಗಳಾಗಿದ್ದವು. ಬಾಯಿ ತೆರೆದಾಗ ಬಂದದ್ದು ಇಪ್ಪತ್ತೆರಡು ವರ್ಷದವಳ ದನಿಯಲ್ಲ. ಬೆಂಚಿನ ಮುಂದೆ ಎದ್ದು, ಕೈ ಹಿಂದೆ ಕಟ್ಟಿ, ಪದಪದವನ್ನೂ ಬಿಡಿಬಿಡಿಯಾಗಿ ಎಳೆದು ಹೇಳುವ ಏಳನೇ ಕ್ಲಾಸಿನ ರಾಗ, ಬಿಟ್ಟಲ್ಲೇ ನಿಂತಿತ್ತು, ಹಾಗೆಯೇ ಹೊರಬಂತು:

"ಓದು... ಮರೆತಿರದಿದ್ದರೆ... ಇದನ್ನು... ಅವಳೇ... ಓದಲಿ."